ಗಣಿ ಮುಚ್ಚಿತು, ಹಾಡು ನಿಲ್ಲಲಿಲ್ಲ

1905ರ ಡಿಸೆಂಬರ್ 16. ವೇಲ್ಸ್ ನಾಡಿನ ಕಾರ್ಡಿಫ್ ನಗರದ ರಗ್ಬಿ ಮೈದಾನ. ಆ ಪ್ರವಾಸದಲ್ಲಿ ಅದುವರೆಗೆ ಒಂದು ಪಂದ್ಯವನ್ನೂ ಸೋಲದಿದ್ದ ನ್ಯೂಜಿಲೆಂಡ್ ತಂಡ ‘ಹಾಕಾ’ ಕುಣಿತದಿಂದ ಸವಾಲೆಸೆಯಿತು. ಉತ್ತರವಾಗಿ ವೇಲ್ಸ್ ಆಟಗಾರ ಟೆಡಿ ಮಾರ್ಗನ್ ತಮ್ಮ ನಾಡಗೀತೆಯನ್ನು ಎತ್ತಿಕೊಂಡರು. ಸಾವಿರಾರು ಪ್ರೇಕ್ಷಕರು ದನಿಗೂಡಿಸಿದರು. ಮಾರ್ಗನ್ ಗಳಿಸಿದ ಏಕೈಕ ‘ಟ್ರೈ’ನಿಂದ ವೇಲ್ಸ್ 3-0 ಅಂತರದಲ್ಲಿ ಗೆದ್ದಿತು.

ಆ ಗೀತೆ ಹುಟ್ಟಿದ್ದು 1856ರಲ್ಲಿ, ಪಾಂಟಿಪ್ರಿದ್ ಎಂಬ ಊರಿನಲ್ಲಿ. ಬರೆದವರು ಉಣ್ಣೆ ನೇಯುತ್ತಿದ್ದ ಇವಾನ್ ಜೇಮ್ಸ್. ರಾಗ ಹಾಕಿದವರು ಅವರ ಮಗ ಜೇಮ್ಸ್ ಜೇಮ್ಸ್. ದುಡಿಯುವ ಜನರ ಹಾಡು ಅದು.

ದಕ್ಷಿಣ ವೇಲ್ಸ್ ಎಂದರೆ ಕಲ್ಲಿದ್ದಲಿನ ಸೀಮೆ. 1913ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಸುಮಾರು 5.7 ಕೋಟಿ ಟನ್ ಕಲ್ಲಿದ್ದಲನ್ನು ಹೊರತೆಗೆದರು. ಹಗಲೆಲ್ಲ ನೆಲದಡಿ ದುಡಿದವರು ಸಂಜೆ ಸೇರಿ ಹಾಡುತ್ತಿದ್ದರು. ಹೀಗೆ ಬೆಳೆದದ್ದೇ ಪುರುಷರ ಗಾಯಕ ವೃಂದಗಳು.

ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ ಓದಲು ಬಾರದ ಅವರು ಕಲಿತದ್ದು ಹೇಗೆ? ‘ಟಾನಿಕ್ ಸೋಲ್ಫಾ’ ಎಂಬ ಪದ್ಧತಿಯಿಂದ. ಇಂಗ್ಲೆಂಡಿನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿದ ಇದನ್ನು ಜಾನ್ ಕರ್ವೆನ್ ಬೆಳೆಸಿದರು. ಡೊ, ರೆ, ಮಿ ಮುಂತಾದ ಏಳು ಸ್ವರಗಳನ್ನು ಅಕ್ಷರಗಳಲ್ಲೇ ಬರೆಯುವ ಕ್ರಮವಿದು. ನಮ್ಮ ಗಾಯಕರು ಷಡ್ಜವನ್ನು ತಮ್ಮ ಶ್ರುತಿಗೆ ತಕ್ಕಂತೆ ಇರಿಸಿಕೊಳ್ಳುವ ಹಾಗೆ ಇಲ್ಲಿಯೂ ‘ಡೊ’ ಸ್ಥಳ ಬದಲಿಸಬಲ್ಲದು. ಕಪ್ಪು ಹಲಗೆ, ಸೀಮೆಸುಣ್ಣ ಇದ್ದರೆ ಸಾಕು, ಪಾಠ ನಡೆಯುತ್ತಿತ್ತು.

ವೃಂದದಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು: ಎರಡು ಟೆನರ್, ಒಂದು ಬ್ಯಾರಿಟೋನ್, ಒಂದು ಬಾಸ್. ನಾಲ್ಕೂ ಬೇರೆ ಬೇರೆ ಸ್ವರ ಹಿಡಿದು ಏಕಕಾಲಕ್ಕೆ ಹಾಡುತ್ತವೆ. ನೂರು ಮಂದಿ ಹಾಡಿದರೆ ದನಿ ನೂರು ಪಟ್ಟು ಜೋರಾಗಿ ಕೇಳಿಸೀತೆ? ಇಲ್ಲ. ಶಕ್ತಿ ನೂರು ಪಟ್ಟಾದರೂ ಮಟ್ಟ ಏರುವುದು 20 ಡೆಸಿಬಲ್ ಮಾತ್ರ. ಕಿವಿಗೆ ಅದು ಸುಮಾರು ನಾಲ್ಕು ಪಟ್ಟು ಜೋರೆನಿಸುತ್ತದೆ. ವೃಂದದ ಸೊಗಸಿರುವುದು ಅಬ್ಬರದಲ್ಲಲ್ಲ, ಬೆರೆಯುವುದರಲ್ಲಿ. ಕೂದಲೆಳೆಯಷ್ಟು ಭಿನ್ನವಾದ ಕಂಪನಾಂಕಗಳು ಸೇರಿ ದನಿಗೆ ತುಂಬುತನ ಬರುತ್ತದೆ. ಒಬ್ಬನ ದನಿ ಮೇಲೆದ್ದರೆ ಎಲ್ಲವೂ ಕೆಟ್ಟಂತೆ. ರಗ್ಬಿಯಲ್ಲೂ ಹಾಗೆಯೇ. ‘ಸ್ಕ್ರಮ್’ನಲ್ಲಿ ಎಂಟು ಮಂದಿ ಒಂದಾಗಿ ತಳ್ಳಿದರಷ್ಟೇ ತಂಡ ಮುಂದೆ ಸಾಗೀತು.

1984-85ರ ಮುಷ್ಕರದ ನಂತರ ಗಣಿಗಳು ಒಂದೊಂದಾಗಿ ಮುಚ್ಚಿದವು. ಕಾರ್ಮಿಕರೇ ಕೊಂಡು ನಡೆಸಿದ ಟವರ್ ಗಣಿಯೂ 2008ರಲ್ಲಿ ನಿಂತಿತು. ಒಟ್ಟಿಗೆ ದುಡಿಯುತ್ತಿದ್ದವರನ್ನು ಸೇರಿಸುವ ತಾಣ ಇಲ್ಲವಾಯಿತು. ಇಂದು ಅನೇಕ ವೃಂದಗಳಲ್ಲಿ ನರೆಗೂದಲಿನವರೇ ಹೆಚ್ಚು. ಕಿರಿಯರನ್ನು ಸೆಳೆಯುವುದೇ ಅವುಗಳ ಚಿಂತೆ. ಇಂಥಲ್ಲಿ ಊರಿನ ರಗ್ಬಿ ಕ್ಲಬ್ಬು ಆಸರೆಯಾಗುವುದುಂಟು. ಕ್ಲಬ್ಬಿನ ಹೆಸರನ್ನೇ ಹೊತ್ತ ವೃಂದಗಳೂ ಅಲ್ಲಿವೆ. ಕಾರ್ಡಿಫ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಗೆ ಮುನ್ನ ಗಾಯಕ ವೃಂದವೊಂದು ಮೈದಾನಕ್ಕಿಳಿದು ಹಾಡುವ ರೂಢಿಯೂ ಉಳಿದಿದೆ.

ಆಟ ಬೇರೆ, ಹಾಡು ಬೇರೆ, ಓದು ಬೇರೆ ಎಂದು ಮಕ್ಕಳ ದಿನವನ್ನು ಹಂಚಿಡುವ ಹಿರಿಯರು ಆ ಗಣಿ ಕಾರ್ಮಿಕರನ್ನು ಒಮ್ಮೆ ನೆನೆಯಬೇಕು. ಪಕ್ಕದವನ ದನಿಗೆ ಕಿವಿಗೊಡುವುದನ್ನು ಅವರು ಹಾಡಿಯೇ ಕಲಿತರು.