ಚಿಕ್ಕ ಮಕ್ಕಳ ಶಾಲೆ: ಪಾಲಕರು ಕೇಳುವ ಪ್ರಶ್ನೆಗಳು, ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ನಿಯಮಗಳು

ಶಾಲೆಗಳು ಪುನರಾರಂಭಗೊಳ್ಳುವ ಹೊತ್ತಿಗೆ ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಕೊಯ್ಲು ನಡೆದಿರುತ್ತದೆ. ಕೋಲಾರ ಮತ್ತು ಮುಳಬಾಗಿಲು ತಾಲ್ಲೂಕುಗಳ ಹೊಲಗಳಲ್ಲಿ ಟೊಮೆಟೊ ಬಿಡಿಸುವ ಕೂಲಿಗೆ ಬೇಡಿಕೆಯಿರುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೊರ ಊರು, ಹೊರ ರಾಜ್ಯಗಳಿಂದ ಬಂದ ಕುಟುಂಬಗಳು ಕೆಲಸ ಮುಗಿದೊಡನೆ ಬೇರೆಡೆಗೆ ಹೊರಡುತ್ತವೆ. ಹೀಗೆ ದುಡಿಯುವ ಪಾಲಕರಿಗೆ ಶಾಲೆಗೂ ಶಿಕ್ಷಣ ಇಲಾಖೆಯ ಕಚೇರಿಗೂ ಹೋಗಿ ನಿಯಮಗಳನ್ನು ವಿಚಾರಿಸಲು ಬಿಡುವಿರುವುದಿಲ್ಲ. ಮಗುವನ್ನು ಸೇರಿಸಿಕೊಳ್ಳಲಿಲ್ಲ, ಟಿ.ಸಿ. ಕೊಡಲಿಲ್ಲ, ಹಣ ಕೇಳಿದರು, ಹೊಡೆದರು ಎಂಬ ಅಹವಾಲುಗಳೊಂದಿಗೆ ಅವರು ಮೊದಲು ಬರುವುದು ತಮ್ಮ ವಾರ್ಡಿನ ಸದಸ್ಯರ ಬಳಿಗೇ. ಆಗ ದೊರೆಯುವ ಉತ್ತರ ಸರಿಯಾಗಿದ್ದರೆ ಮಗುವಿನ ಓದು ಉಳಿಯುತ್ತದೆ. ತಪ್ಪಾಗಿದ್ದರೆ ಒಂದು ವರ್ಷ, ಕೆಲವೊಮ್ಮೆ ಇಡೀ ಶಾಲಾ ಜೀವನವೇ ಕೈತಪ್ಪುತ್ತದೆ.

ಪಂಚಾಯಿತಿಯ ಸ್ಥಾನ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದೊಳಗಿನ ಪ್ರತಿ ಮಗುವಿಗೂ ಅದು ಅನ್ವಯಿಸುತ್ತದೆ. ಈ ಕಾನೂನು ಹೇಳುವ ‘ಸ್ಥಳೀಯ ಪ್ರಾಧಿಕಾರ’ ಎಂಬ ಪದದಲ್ಲಿ ಪಂಚಾಯಿತಿಗಳೂ ಸೇರಿವೆ. ಸೆಕ್ಷನ್ 9ರ ಪ್ರಕಾರ ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ಅವರ ದಾಖಲಾತಿ, ಹಾಜರಾತಿ ಮತ್ತು ಪ್ರಾಥಮಿಕ ಶಿಕ್ಷಣದ ಪೂರ್ಣತೆಯನ್ನು ಖಚಿತಪಡಿಸುವುದು, ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳು. ಇದು ಶಿಕ್ಷಕರ ಮೇಲೆ ದರ್ಪ ತೋರುವ ಅಧಿಕಾರವಲ್ಲ. ಊರಿನ ಯಾವ ಮಗುವೂ ಲೆಕ್ಕದಿಂದ ಹೊರಗುಳಿಯದಂತೆ ನೋಡಿಕೊಳ್ಳುವ ಹೊಣೆ.

ಒಂದನೇ ತರಗತಿಗೆ ವಯಸ್ಸು

ಒಂದನೇ ತರಗತಿಗೆ ಸೇರುವ ಮಗುವಿಗೆ ಆ ವರ್ಷದ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶಿಸಿತು. ಅದನ್ನು 2025-26ನೇ ಸಾಲಿನಿಂದ ಜಾರಿಗೊಳಿಸುವುದೆಂದು ನಂತರ ತಿಳಿಸಲಾಯಿತು. ಈಗಾಗಲೇ ಪೂರ್ವ ಪ್ರಾಥಮಿಕ ತರಗತಿ ಮುಗಿಸಿದ್ದ ಮಕ್ಕಳಿಗೆ ತೊಂದರೆಯಾಗುವುದೆಂಬ ಪಾಲಕರ ಮನವಿಯ ಮೇರೆಗೆ, ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 2025-26ನೇ ಸಾಲಿಗೆ 5 ವರ್ಷ 5 ತಿಂಗಳು ತುಂಬಿದವರಿಗೂ ಪ್ರವೇಶ ನೀಡುವ ಸಡಿಲಿಕೆ ದೊರೆಯಿತು. ಒಂದು ವರ್ಷದ ಸಡಿಲಿಕೆ ಮುಂದಿನ ವರ್ಷಕ್ಕೂ ಇರುತ್ತದೆಂದು ಭಾವಿಸಬಾರದು. ಆಯಾ ಸಾಲಿನ ಆದೇಶವನ್ನು ಮುಖ್ಯ ಶಿಕ್ಷಕರಿಂದ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ತಿಳಿದುಕೊಂಡೇ ಪಾಲಕರಿಗೆ ಉತ್ತರಿಸಬೇಕು.

ಲೆಕ್ಕ ಸರಳವಾಗಿದೆ. 2021ರ ಜೂನ್ 1ರಂದು ಅಥವಾ ಅದಕ್ಕೂ ಮುನ್ನ ಹುಟ್ಟಿದ ಮಗುವಿಗೆ 2027ರ ಜೂನ್ 1ಕ್ಕೆ ಆರು ವರ್ಷ ತುಂಬಿರುತ್ತದೆ. ವಯಸ್ಸು ತುಂಬದ ಮಗು ಅಂಗನವಾಡಿಯಲ್ಲಿ ಮುಂದುವರಿಯಬಹುದು; ಅಂಗನವಾಡಿ ಸೇವೆ ಆರು ವರ್ಷದವರೆಗೂ ಇದೆ. ಕೆಲವು ತಿಂಗಳ ಕೊರತೆ ತುಂಬಲು ಹುಟ್ಟಿದ ದಿನಾಂಕವನ್ನೇ ಬದಲಿಸಿ ಬರೆಸುವ ಪಾಲಕರಿದ್ದಾರೆ. ಶಾಲೆಯ ದಾಖಲಾತಿ ವಹಿಯಲ್ಲಿ ಬರೆದ ದಿನಾಂಕವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಬರುತ್ತದೆ. ಮುಂದೆ ಅದನ್ನು ತಿದ್ದಿಸಲು ಅಲೆದಾಟ ತಪ್ಪುವುದಿಲ್ಲ. ಇದನ್ನು ಪಾಲಕರಿಗೆ ಮುಂಚಿತವಾಗಿಯೇ ಮನವರಿಕೆ ಮಾಡಿಕೊಡುವುದು ಒಳಿತು.

ದಾಖಲೆ ಇಲ್ಲದ ಮಗು, ಊರು ಬದಲಿಸಿದ ಮಗು

ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸೆಕ್ಷನ್ 14 ಹೇಳುತ್ತದೆ. ಜನನ ಪ್ರಮಾಣಪತ್ರ ಇಲ್ಲದಿದ್ದಾಗ ಆಸ್ಪತ್ರೆಯ ಅಥವಾ ದಾದಿಯರ ದಾಖಲೆ, ಅಂಗನವಾಡಿ ದಾಖಲೆ, ಪಾಲಕರ ಘೋಷಣೆ ಇವುಗಳ ಆಧಾರದಲ್ಲಿ ವಯಸ್ಸು ನಮೂದಿಸಿಕೊಳ್ಳಬಹುದು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಜನನ ನೋಂದಣಿಯನ್ನು ಕಡೆಗಣಿಸುವಂತಿಲ್ಲ. 2023ರ ತಿದ್ದುಪಡಿಯಂತೆ 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದವರ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಶಾಲಾ ಪ್ರವೇಶವೂ ಅದರಲ್ಲಿ ಸೇರಿದೆ. ಆ ಮಕ್ಕಳು ಈಗ ಅಂಗನವಾಡಿಯ ವಯಸ್ಸಿನವರು. ಹುಟ್ಟಿದ 21 ದಿನಗಳೊಳಗೆ ನೋಂದಣಿ ಮಾಡಿಸದ ಮನೆಗಳಿದ್ದರೆ ಈಗಲೇ ಗುರುತಿಸಿ ಸರಿಪಡಿಸಬೇಕು.

ಜಿಲ್ಲೆಯ ಗಡಿಯಾಚೆ ಆಂಧ್ರಪ್ರದೇಶವೂ ತಮಿಳುನಾಡೂ ಇವೆ. ಕೆಲಸ, ಮದುವೆ, ಬಂಧುತ್ವಗಳ ಕಾರಣದಿಂದ ಕುಟುಂಬಗಳು ಅತ್ತಿಂದಿತ್ತ ಹೋಗಿಬರುವುದು ಇಲ್ಲಿ ಸಹಜ. ರಾಜ್ಯದೊಳಗಾಗಲಿ ಹೊರಗಾಗಲಿ ಒಂದು ಸರ್ಕಾರಿ ಅಥವಾ ಅನುದಾನಿತ ಶಾಲೆಯಿಂದ ಇನ್ನೊಂದಕ್ಕೆ ಹೋಗುವ ಹಕ್ಕು ಮಗುವಿಗಿದೆ. ವರ್ಗಾವಣೆ ಪ್ರಮಾಣಪತ್ರವನ್ನು ಮುಖ್ಯ ಶಿಕ್ಷಕರು ಕೂಡಲೇ ಕೊಡಬೇಕು. ತಡಮಾಡಿದರೆ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಟಿ.ಸಿ. ಬರುವುದು ತಡವಾಯಿತೆಂದು ಹೊಸ ಶಾಲೆಯೂ ಪ್ರವೇಶವನ್ನು ತಡೆಹಿಡಿಯುವಂತಿಲ್ಲ. ದಾಖಲಾತಿಯ ಅವಧಿ ಮುಗಿದ ನಂತರ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು. ಎಂದೂ ಶಾಲೆಗೆ ಹೋಗದ ಎಂಟು ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ನೀಡಬೇಕೆಂದು ಸೆಕ್ಷನ್ 4 ವಿಧಿಸುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳ ಮಕ್ಕಳ ವಿಷಯದಲ್ಲಿ ಈ ನಿಯಮಗಳೇ ಸದಸ್ಯರಿಗೆ ಮುಖ್ಯ ಆಧಾರ.

ಮನೆಯಲ್ಲಿ ತೆಲುಗು, ತಮಿಳು ಅಥವಾ ಉರ್ದು ಆಡುವ ಮಕ್ಕಳು ಈ ತಾಲ್ಲೂಕುಗಳಲ್ಲಿ ಬಹಳ. ಕನ್ನಡ ಬಾರದೆಂಬುದು ಪ್ರವೇಶ ನಿರಾಕರಿಸಲು ಕಾರಣವಾಗದು. ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಮಗು ಕನ್ನಡ ಕಲಿಯುವುದು ಶಾಲೆಗೆ ಬಂದ ಮೇಲೆ.

ಏಳು ದಿನಗಳ ಗೈರುಹಾಜರಿ

ಹಿಂದೆ 60 ದಿನ ಗೈರಾದ ಮಗುವನ್ನಷ್ಟೇ ಶಾಲೆಯಿಂದ ಹೊರಗುಳಿದ ಮಗುವೆಂದು ಎಣಿಸಲಾಗುತ್ತಿತ್ತು. ಹೊರಗುಳಿದ ಮಕ್ಕಳ ಕುರಿತು ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ಬಳಿಕ ಆ ಅವಧಿಯನ್ನು ಏಳು ದಿನಗಳಿಗೆ ಇಳಿಸಲಾಯಿತು. ಕಾರಣ ತಿಳಿಸದೆ ಏಳು ದಿನ ಶಾಲೆಗೆ ಬಾರದ ಮಗುವಿನ ಮನೆಗೆ ಯಾರಾದರೂ ಹೋಗಿ ವಿಚಾರಿಸಲೇಬೇಕು ಎಂಬುದು ಇದರ ಸಾರ.

ಮಾವಿನ ಸುಗ್ಗಿಯಲ್ಲಿ ಎರಡು ವಾರ ಮಗುವನ್ನು ಜೊತೆಗೆ ಕರೆದೊಯ್ಯುವ ತಾಯಿ ಅದನ್ನು ಶಾಲೆ ಬಿಡಿಸಿದ್ದೆಂದು ತಿಳಿಯುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂಬುದೇ ಆಕೆಯ ಕಷ್ಟ. ಇಂತಹ ಕಡೆ ಗದರಿಕೆಯಿಂದ ಪ್ರಯೋಜನವಿಲ್ಲ. ಶಾಲೆ ಬಿಟ್ಟ ಮೇಲೆ ಮಗು ಎಲ್ಲಿರಬೇಕು, ಚಿಕ್ಕ ತಮ್ಮ ತಂಗಿಯರನ್ನು ಅಂಗನವಾಡಿಗೆ ಬಿಡಬಹುದೇ ಎಂಬುದನ್ನು ಪಾಲಕರೊಡನೆ ಕುಳಿತು ತೀರ್ಮಾನಿಸಿದರೆ ಮಗು ಶಾಲೆಗೆ ಮರಳುತ್ತದೆ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಹೆಚ್ಚು ದಿನ ಬಾರದ್ದರಿಂದ ಹೆಸರು ತೆಗೆದುಹಾಕುತ್ತಾರೆಂದು ಹೆದರಿದ ಪಾಲಕರಿಗೆ ಇದನ್ನು ತಿಳಿಸಬೇಕು.

ಶುಲ್ಕ ಮತ್ತು ಖಾಸಗಿ ಶಾಲೆ

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಶುಲ್ಕವಿಲ್ಲ. ಪಠ್ಯಪುಸ್ತಕ, ಸಮವಸ್ತ್ರಗಳನ್ನು ಸರ್ಕಾರವೇ ಕೊಡುತ್ತದೆ. ಊರಿನವರು ಮನಸ್ಸಾರೆ ಕೊಡುವ ನೆರವು ಬೇರೆ, ಪಾಲಕರಿಂದ ಕಡ್ಡಾಯವಾಗಿ ಎತ್ತುವ ವಂತಿಗೆ ಬೇರೆ. ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು 2022ರ ಅಕ್ಟೋಬರ್‌ನಲ್ಲಿ ಹೊರಟ ಸುತ್ತೋಲೆಯನ್ನು ವಿರೋಧದ ಹಿನ್ನೆಲೆಯಲ್ಲಿ ಕೆಲವೇ ದಿನಗಳಲ್ಲಿ ಹಿಂಪಡೆಯಲಾಯಿತು.

ಖಾಸಗಿ ಶಾಲೆಗಳೂ ಪ್ರವೇಶಕ್ಕಾಗಿ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆ, ಸಂದರ್ಶನಕ್ಕೆ ಒಳಪಡಿಸುವಂತಿಲ್ಲ. ಮೊದಲ ಬಾರಿಗೆ 25,000 ರೂಪಾಯಿವರೆಗೆ, ನಂತರದ ಪ್ರತಿ ಬಾರಿಗೆ 50,000 ರೂಪಾಯಿವರೆಗೆ ದಂಡವಿದೆ. ಕ್ಯಾಪಿಟೇಶನ್ ಶುಲ್ಕ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ ವಿಧಿಸಬಹುದು. ‘ಆರ್‌ಟಿಇ ಸೀಟು’ ಕುರಿತು ಒಂದು ಮಾತು ಅಗತ್ಯ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಶೇ. 25ರ ಮೀಸಲು ಸೀಟು ಅನ್ವಯಿಸದಂತೆ ರಾಜ್ಯವು 2019-20ನೇ ಸಾಲಿನಿಂದ ನಿಯಮ ಬದಲಿಸಿದೆ. ಸೀಟು ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ಪಾಲಕರು ನಂಬದಂತೆ ಎಚ್ಚರಿಸಬೇಕು.

ಊಟ, ಚೀಲ, ಮನೆಗೆಲಸ

ಅಕ್ಷರ ದಾಸೋಹ ರಾಜ್ಯದಲ್ಲಿ 2002ರಲ್ಲಿ ಆರಂಭವಾಯಿತು. ಹಾಲು ನೀಡುವ ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಸೇರಿತು. 2015ರ ಮಧ್ಯಾಹ್ನದ ಊಟದ ನಿಯಮಗಳಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಆರರಿಂದ ಎಂಟನೇ ತರಗತಿಯ ಮಗುವಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ದೊರೆಯಬೇಕು. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರು ಸೇರಿದಂತೆ ಎರಡು ಮೂರು ಮಂದಿ ವಯಸ್ಕರು ಊಟದ ರುಚಿ ನೋಡಬೇಕು. ಪಾಲಕರೂ ಸರದಿಯಂತೆ ಬಂದು ರುಚಿ ನೋಡಿದರೆ ಅಡುಗೆಯ ಬಗೆಗಿನ ದೂರುಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಜಾತಿಯ ಕಾರಣಕ್ಕೆ ಮಕ್ಕಳನ್ನು ಬೇರೆ ಪಂಕ್ತಿಯಲ್ಲಿ ಕೂರಿಸುವುದಾಗಲಿ, ಅಡುಗೆಯವರ ಜಾತಿ ನೋಡಿ ಊಟ ಬಿಡಿಸುವುದಾಗಲಿ ಸಲ್ಲದು.

ರಾಜ್ಯದ 2019ರ ಆದೇಶದಂತೆ ಒಂದು ಮತ್ತು ಎರಡನೇ ತರಗತಿಯ ಮಗುವಿನ ಪುಸ್ತಕದ ಚೀಲ 2 ಕಿಲೋ ಮೀರಬಾರದು. ಮೂರರಿಂದ ಐದನೇ ತರಗತಿಗೆ ಮಿತಿ 3 ಕಿಲೋ. ಮೊದಲ ಎರಡು ತರಗತಿಗಳಿಗೆ ಮನೆಗೆಲಸ ಕೊಡಬಾರದು. ಮನೆಗೆಲಸ ಕೊಡದ ಶಾಲೆಯಲ್ಲಿ ಓದು ನಡೆಯುತ್ತಿಲ್ಲವೆಂದು ಭಾವಿಸುವ ಪಾಲಕರಿಗೆ ಈ ನಿಯಮದ ಉದ್ದೇಶವನ್ನು ತಿಳಿಸಬೇಕು.

ಶಿಕ್ಷೆ ಮತ್ತು ಸುರಕ್ಷತೆ

ಮಗುವಿಗೆ ದೈಹಿಕ ಶಿಕ್ಷೆ ನೀಡುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ಸೆಕ್ಷನ್ 17 ನಿಷೇಧಿಸಿದೆ. ‘ನಾಲ್ಕು ಏಟು ಹಾಕಿ ಬುದ್ಧಿ ಕಲಿಸಿ’ ಎಂದು ಪಾಲಕರೇ ಶಿಕ್ಷಕರಿಗೆ ಹೇಳಿದರೂ ಶಿಕ್ಷಕರಿಗೆ ಆ ಅಧಿಕಾರ ಬರುವುದಿಲ್ಲ. ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ ಸಂಗತಿ 2023ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದಾಗ ಸಿಬ್ಬಂದಿಯ ಅಮಾನತು ಆಯಿತು, ಪೊಲೀಸ್ ಪ್ರಕರಣವೂ ದಾಖಲಾಯಿತು. ಶಾಲಾ ಶೌಚಾಲಯದ ಸ್ವಚ್ಛತೆಗೆ ವ್ಯವಸ್ಥೆ ಇದೆಯೇ ಎಂದು ಪಂಚಾಯಿತಿ ಮುಂಚಿತವಾಗಿ ವಿಚಾರಿಸಿದರೆ ಆ ಕೆಲಸ ಮಕ್ಕಳ ಮೇಲೆ ಬೀಳುವುದನ್ನು ತಡೆಯಬಹುದು.

ಲೈಂಗಿಕ ದೌರ್ಜನ್ಯದ ದೂರುಗಳ ವಿಷಯದಲ್ಲಿ ಸದಸ್ಯರಿಗೆ ಯಾವ ಆಯ್ಕೆಯೂ ಇಲ್ಲ. ಪೋಕ್ಸೊ ಕಾಯ್ದೆ, 2012ರ ಸೆಕ್ಷನ್ 19ರಂತೆ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಶಿಕ್ಷಾರ್ಹ ಅಪರಾಧ. ಊರಿನ ಮರ್ಯಾದೆಯ ಹೆಸರಿನಲ್ಲಿ ರಾಜಿ ಪಂಚಾಯಿತಿ ನಡೆಸುವುದು, ತಪ್ಪು ಕಾಣಿಕೆ ಕೊಡಿಸುವುದು ಕಾನೂನುಬಾಹಿರ. ಮಗುವಿನ ಹೆಸರನ್ನು ಎಲ್ಲಿಯೂ ಹೊರಗೆಡವಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು.

ಪಾಲಕರ ಸಮಿತಿ ಮತ್ತು ದೂರು

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಾಜ್ಯದಲ್ಲಿ 2001ರಿಂದ ಇವೆ. ಶಿಕ್ಷಣ ಹಕ್ಕು ಕಾನೂನಿನ ಸೆಕ್ಷನ್ 21ರಂತೆ ಸಮಿತಿಯ ನಾಲ್ಕನೇ ಮೂರರಷ್ಟು ಸದಸ್ಯರು ಪಾಲಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ದುರ್ಬಲ ವರ್ಗಗಳ ಮಕ್ಕಳ ಪಾಲಕರಿಗೆ ಅನುಪಾತಕ್ಕೆ ತಕ್ಕ ಸ್ಥಾನ ದೊರೆಯಬೇಕು. ಅನುದಾನದ ಬಳಕೆಯನ್ನು ಗಮನಿಸುವುದು, ಶಾಲಾ ಅಭಿವೃದ್ಧಿ ಯೋಜನೆ ರೂಪಿಸುವುದು ಸಮಿತಿಯ ಕೆಲಸ. ಮಹಿಳಾ ಸದಸ್ಯರ ಸಹಿಯನ್ನು ಮನೆಗೆ ಹೋಗಿ ಪಡೆದುಬರುವ ರೂಢಿ ಇರುವಲ್ಲಿ ಸಭೆಯ ಸಮಯವನ್ನು ಕೂಲಿಯಿಂದ ಮರಳುವ ಹೊತ್ತಿಗೆ ಬದಲಿಸಿದರೆ ಅವರು ಸ್ವತಃ ಬರಲು ಅನುಕೂಲವಾಗುತ್ತದೆ. ಮಗುವಿನ ಹಾಜರಾತಿ, ಕಲಿಕೆಯ ಪ್ರಗತಿಗಳನ್ನು ತಿಳಿಸಲು ಪಾಲಕರ ಸಭೆಯನ್ನು ನಿಯತವಾಗಿ ಕರೆಯುವುದು ಶಿಕ್ಷಕರ ಕರ್ತವ್ಯವೆಂದು ಸೆಕ್ಷನ್ 24 ಹೇಳಿದೆ.

ಮಾತಿನಲ್ಲಿ ಬಗೆಹರಿಯದ ದೂರನ್ನು ಬರಹದಲ್ಲಿ ಪಡೆಯಬೇಕು. ಸೆಕ್ಷನ್ 32ರ ಪ್ರಕಾರ ಯಾರೇ ಆಗಲಿ ಮಗುವಿನ ಹಕ್ಕಿಗೆ ಸಂಬಂಧಿಸಿದ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಒಪ್ಪಿಗೆಯಾಗದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅಕ್ಷರ ಬಾರದ ಪಾಲಕರ ದೂರನ್ನು ಬರೆದುಕೊಟ್ಟು, ಓದಿ ಹೇಳಿ, ಸ್ವೀಕೃತಿ ನೀಡಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸುವುದು ಪಂಚಾಯಿತಿ ಮಾಡಬಹುದಾದ ದೊಡ್ಡ ಸಹಾಯ.

ಸದಸ್ಯರು ಮೇ ತಿಂಗಳಲ್ಲಿಯೇ ಅಂಗನವಾಡಿ ಕಾರ್ಯಕರ್ತೆಯರ ಪಟ್ಟಿಯನ್ನು ಶಾಲೆಯ ದಾಖಲಾತಿ ಪಟ್ಟಿಯೊಡನೆ ಹೋಲಿಸಿ ನೋಡಿದರೆ ಯಾವ ಮನೆಯ ಮಗು ಶಾಲೆಗೆ ಬರಬೇಕಿದೆಯೆಂಬುದು ತಿಳಿಯುತ್ತದೆ. ಗೂಡು, ತೋಪು, ಕೋಳಿ ಫಾರಂಗಳಲ್ಲಿ ತಂಗಿರುವ ಕುಟುಂಬಗಳ ಮಕ್ಕಳು ಎರಡೂ ಪಟ್ಟಿಗಳಲ್ಲಿ ಇಲ್ಲದಿರಬಹುದು. ಅವರನ್ನು ಹುಡುಕಿಕೊಂಡೇ ಹೋಗಬೇಕು. ಹಾಗೆ ಕಂಡ ಹೆಸರುಗಳನ್ನು ಮುಂದಿನ ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸಿ, ಪ್ರತಿ ಹೆಸರಿನ ಮುಂದೆ ಜವಾಬ್ದಾರಿ ಹೊತ್ತ ಸದಸ್ಯರ ಹೆಸರನ್ನೂ ಬರೆಯಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಗೆ ಬಾರದ ಗೆಳೆಯರ ಬಗ್ಗೆ ಮಕ್ಕಳನ್ನೇ ಕೇಳಿದರೆ, ಪಟ್ಟಿಯಲ್ಲಿ ಬಿಟ್ಟುಹೋದ ಹೆಸರುಗಳೂ ದೊರೆಯುತ್ತವೆ.