ಫೋನ್ ಮಾಡಿ ಕೇಳೋಣ ಅಂದಿದ್ದಕ್ಕೆ ಕೆಲಸ ಹೋಯ್ತು!

ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಂದಿಗೆ ಕೋಡಿಂಗ್ ಬಿಟ್ಟು ಬೇರೇನಾದರೂ ಮಾಡುವ ಆಸೆ. ನನಗೆ ಟಿ.ವಿ. ನ್ಯೂಸ್ ಆ್ಯಂಕರ್ ಆಗುವ ಹುಚ್ಚು. ಮನೆಯಲ್ಲಿ ಬಾಯಿಬಿಟ್ಟರೆ ಅಪ್ಪನ ಉತ್ತರ ಒಂದೇ: ‘ಮೊದಲು ಬಿ.ಇ. ಮುಗಿಸು, ಆಮೇಲೆ ಕಿರುಚುವೆಯಂತೆ.’ ರಾತ್ರಿ ಒಂಬತ್ತರ ಚರ್ಚೆ ನೋಡಿದ ಯಾರೂ ಅಪ್ಪನದು ತಪ್ಪು ಅನ್ನಲಾರರು ಬಿಡಿ.

ಕಿರುಚದ ಆ್ಯಂಕರ್ ಯಾರಾದರೂ ಇದ್ದರಾ ಅಂತ ಹುಡುಕಿದಾಗ ಸಿಕ್ಕವರು ಅಮೆರಿಕದ ವಾಲ್ಟರ್ ಕ್ರಾಂಕೈಟ್. 1962ರಿಂದ 1981ರವರೆಗೆ ಸಿಬಿಎಸ್ ವಾಹಿನಿಯ ಸಂಜೆ ವಾರ್ತೆ ಅವರದೇ. ಡಿಗ್ರಿ ಮಾತ್ರ ಮುಗಿಸಲಿಲ್ಲ, ಟೆಕ್ಸಾಸ್ ವಿಶ್ವವಿದ್ಯಾಲಯವನ್ನು ಅರ್ಧಕ್ಕೇ ಬಿಟ್ಟರು. (ಇದನ್ನು ಅಪ್ಪನಿಗೆ ಹೇಳಿಲ್ಲ.)

ನನಗೆ ಹಿಡಿಸಿದ್ದು ಅವರು ಕೆಲಸ ಕಳೆದುಕೊಂಡ ಕತೆ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಕಾನ್ಸಾಸ್ ಸಿಟಿಯ ರೇಡಿಯೊ ಕೇಂದ್ರದಲ್ಲಿ ಕೆಲಸ. ಒಂದು ದಿನ ಮ್ಯಾನೇಜರ್ ಬಂದು, ‘ಸಿಟಿ ಹಾಲ್‌ಗೆ ಬೆಂಕಿ ಬಿದ್ದಿದೆ, ಅಗ್ನಿಶಾಮಕದವರು ಸತ್ತಿದ್ದಾರೆ, ತಕ್ಷಣ ಹೇಳು’ ಅಂದರು. ಸುದ್ದಿ ಕೊಟ್ಟಿದ್ದು ಮ್ಯಾನೇಜರ್ ಹೆಂಡತಿ! ಅಗ್ನಿಶಾಮಕ ಠಾಣೆಗೆ ಒಂದು ಫೋನ್ ಮಾಡಿ ಕೇಳೋಣ ಅಂದರು ಕ್ರಾಂಕೈಟ್. ಮ್ಯಾನೇಜರ್ ಕಾಯಲಿಲ್ಲ, ತಾವೇ ಮೈಕ್ ಹಿಡಿದರು. ವಿಚಾರಿಸಿದರೆ ಅದು ಸಣ್ಣ ಬೆಂಕಿ, ಯಾರೂ ಸತ್ತಿರಲಿಲ್ಲ. ಕೆಲಸ ಹೋಗಿದ್ದು ಕ್ರಾಂಕೈಟ್‌ರದ್ದು.

ಆಮೇಲೆ ಯುನೈಟೆಡ್ ಪ್ರೆಸ್ ಸುದ್ದಿಸಂಸ್ಥೆ ಸೇರಿ ಎರಡನೇ ಮಹಾಯುದ್ಧ ವರದಿ ಮಾಡಿದರು, ಬಾಂಬರ್ ವಿಮಾನದಲ್ಲೂ ಹೋಗಿ ಬಂದರು. ಟಿ.ವಿ.ಗೆ ಬಂದಿದ್ದು 1950ರಲ್ಲಿ.

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ಬಿತ್ತು. ತೀರಿಕೊಂಡರು ಎಂಬ ಮಾತು ಅಲ್ಲಿಂದ ಬರುತ್ತಲೇ ಇತ್ತು. ಕ್ರಾಂಕೈಟ್ ಅದನ್ನು ಮುಚ್ಚಿಡಲಿಲ್ಲ, ಆದರೆ ಇನ್ನೂ ಅಧಿಕೃತವಲ್ಲ ಎಂದೇ ಹೇಳುತ್ತಿದ್ದರು. ಖಚಿತ ಸುದ್ದಿಯ ಹಾಳೆ ಕೈಗೆ ಬಂದ ಮೇಲೆ ಓದಿದರು, ಕನ್ನಡಕ ತೆಗೆದರು, ಗಡಿಯಾರ ನೋಡಿ ಸಮಯ ಹೇಳಿದರು. ಒಂದು ಕ್ಷಣ ಗಂಟಲು ಕಟ್ಟಿತು. ಆ ವಿಡಿಯೊ ಸಿಗುತ್ತದೆ, ನೋಡಿ.

ನಿಮಿಷಕ್ಕೆ 124 ಪದಗಳಷ್ಟೇ ಓದುವಂತೆ ಅವರು ಅಭ್ಯಾಸ ಮಾಡಿಕೊಂಡಿದ್ದರಂತೆ. ನಾನೂ ಸ್ಟಾಪ್‌ವಾಚ್ ಹಿಡಿದು ಪತ್ರಿಕೆ ಓದಿ ನೋಡಿದೆ. ನಮ್ಮ ಕನ್ನಡದ ಉದ್ದುದ್ದ ಪದಗಳಿಗೆ ಆ ಲೆಕ್ಕ ಹೊಂದುವುದಿಲ್ಲ, ಉಸಿರೇ ಸಾಲದು.

2023ರಲ್ಲಿ ಒಡಿಶಾದ ಒಟಿವಿ ‘ಲೀಸಾ’ ಎಂಬ ಎಐ ಆ್ಯಂಕರ್ ತಂದಿತು. ಕನ್ನಡದಲ್ಲಿ ಪವರ್ ಟಿವಿಗೆ ‘ಸೌಂದರ್ಯ’ ಬಂದಳು. ಪ್ರಾಂಪ್ಟರ್ ನೋಡಿ ಓದುವುದಷ್ಟೇ ಕೆಲಸವಾದರೆ ನನ್ನ ಪಕ್ಕದ ಬೆಂಚಿನ ಹುಡುಗ ಬರೆದ ಕೋಡ್ ನನ್ನ ಕೆಲಸ ಕಿತ್ತುಕೊಳ್ಳುತ್ತದೆ. ಅದಕ್ಕೇ ಓದುವುದಕ್ಕಿಂತ ಮೊದಲಿನ ಕೆಲಸ ಕಲಿಯಬೇಕು ಅಂದುಕೊಂಡಿದ್ದೇನೆ. ಸೆಮಿಸ್ಟರ್ ರಜೆಯಲ್ಲಿ ಬಾ ಅಂತ ನಮ್ಮೂರಿನ ಕೇಬಲ್ ಚಾನೆಲ್‌ನವರು ಹೇಳಿದ್ದಾರೆ. ಕ್ಯಾಮೆರಾ ಮುಂದೆ ಅಲ್ಲ. ಠಾಣೆಗೆ, ಆಸ್ಪತ್ರೆಗೆ ಫೋನ್ ಮಾಡಿ ಸುದ್ದಿ ನಿಜವಾ ಅಂತ ಕೇಳುವ ಕೆಲಸ. ಸಂಬಳ ಇಲ್ಲ, ಬಸ್‌ಚಾರ್ಜ್ ಕೊಡುತ್ತಾರಂತೆ.