ಮಗು ಉಗ್ಗಿದಾಗ

ನಾಲ್ಕು ವರ್ಷದ ಮಗು ‘ಅ... ಅ... ಅಮ್ಮ’ ಎಂದು ತಡವರಿಸಿದೊಡನೆ ಮನೆಮಂದಿಯೆಲ್ಲ ವೈದ್ಯರಾಗಿಬಿಡುತ್ತಾರೆ. ಅಜ್ಜಿ ಬಜೆ ತೇಯ್ದು ನಾಲಗೆಗೆ ಸವರುತ್ತಾಳೆ. ತಂದೆ ‘ನಿಧಾನವಾಗಿ ಹೇಳೋ’ ಎಂದು ಗದರುತ್ತಾನೆ. ತಾಯಿ ಉಳಿದ ಮಾತನ್ನು ತಾನೇ ಪೂರೈಸುತ್ತಾಳೆ. ಎಲ್ಲವೂ ಪ್ರೀತಿಯೇ. ಆದರೆ ತನ್ನ ಮಾತಿನಲ್ಲಿ ಏನೋ ಕೊರತೆಯಿದೆಯೆಂದು ಮಗುವಿಗೆ ಇದರಿಂದಲೇ ಹೊಳೆಯಬಹುದು. ಮುಂದೆ ಉಗ್ಗುವುದಕ್ಕಿಂತ ಮೌನವೇ ಲೇಸೆಂದು ಅದು ಬಗೆಯಬಹುದು.

ಉಗ್ಗು ನಾಲಗೆಯ ದೋಷವಲ್ಲ. ಬಜೆಗೆ ಅದು ಬಗ್ಗದು. ಮಾತನ್ನು ಹೊಂದಿಸುವ ಮೆದುಳಿನ ಕಾರ್ಯದಲ್ಲಿ ಅದರ ಮೂಲವಿದೆ. ಅನೇಕ ವೇಳೆ ವಂಶದಲ್ಲಿ ಹರಿದುಬಂದಿರುತ್ತದೆ. ಎರಡರಿಂದ ಐದು ವರ್ಷದೊಳಗೆ ತಲೆದೋರಿ ಹಲವು ಮಕ್ಕಳಲ್ಲಿ ತಾನಾಗಿಯೇ ಅಡಗುತ್ತದೆ. ಯಾರಲ್ಲಿ ಅಡಗೀತೆಂದು ಖಚಿತವಾಗಿ ಹೇಳಬಲ್ಲವರಿಲ್ಲ. ಆದುದರಿಂದ ತಿಂಗಳುಗಟ್ಟಲೆ ನಿಲ್ಲದಿದ್ದರೆ, ಮಗು ಮಾತಿಗಾಗಿ ಹೆಣಗಿ ಕಣ್ಣು ಬಿಗಿದುಕೊಂಡರೆ, ಕಾಯಬಾರದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಇದಕ್ಕಾಗಿಯೇ ವಾಕ್ ಚಿಕಿತ್ಸಕರಿದ್ದಾರೆ.

ಎಳೆಯರ ಚಿಕಿತ್ಸೆಯಲ್ಲಿ ಪಾಠ ಮೊದಲಾಗುವುದು ಹೆಚ್ಚಾಗಿ ಹೆತ್ತವರಿಗೆ. ಆಸ್ಟ್ರೇಲಿಯದಲ್ಲಿ ರೂಪುಗೊಂಡ ಲಿಡ್‌ಕೋಂಬ್ ಪದ್ಧತಿಯಲ್ಲಂತೂ ತಾಯಿಯೋ ತಂದೆಯೋ ಮನೆಯಲ್ಲಿಯೇ ಚಿಕಿತ್ಸೆ ನಡೆಸಬೇಕು: ವಾರಕ್ಕೊಮ್ಮೆ ತಜ್ಞರ ಮಾರ್ಗದರ್ಶನ; ದಿನವೂ ಹತ್ತು ಹದಿನೈದು ನಿಮಿಷ ಮಗುವಿನೊಡನೆ ಆಟ; ತಡೆಯಿಲ್ಲದೆ ಬಂದ ಮಾತಿಗೆ ಮಿತವಾದ ಮೆಚ್ಚುಗೆ. ಹತ್ತು ನಿಮಿಷವೆಂದರೆ ಸುಲಭವೆನಿಸೀತು. ಕಚೇರಿಯಿಂದ ದಣಿದು ಬಂದ ತಂದೆ ಪತ್ರಿಕೆಯನ್ನು ಕೆಳಗಿಟ್ಟು ಚಾಪೆಯ ಮೇಲೆ ಮಗುವಿನೆದುರು ಕೂಡುವುದು ಅಷ್ಟು ಸುಲಭವಲ್ಲ.